ಕುಕ್ಕರ್, ಸೋಲಾರ್, ಟೈರ್, ಪಂಪು: ಮನೆಯ ಸುತ್ತಲಿನ ಗಾಳಿಯ ಒತ್ತಡವನ್ನು ನಿಭಾಯಿಸುವ ಮಾರ್ಗದರ್ಶಿ

ಮನೆಯ ಕುಕ್ಕರಿನ ಮುಚ್ಚಳ 20 ಸೆಂ.ಮೀ. ಅಗಲವಿದೆ ಎಂದುಕೊಳ್ಳಿ. ಅದರ ವಿಸ್ತೀರ್ಣ 314 ಚದರ ಸೆಂ.ಮೀ. ಕುಕ್ಕರ್ ಕೂಗುವ ಹೊತ್ತಿಗೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಸೆಂ.ಮೀ.ಗೆ 1 ಕೆ.ಜಿ.ಯಷ್ಟು ಹೆಚ್ಚಿರುತ್ತದೆ. ಗುಣಿಸಿದರೆ 314 ಕೆ.ಜಿ. ಐವತ್ತು ಕೆ.ಜಿ.ಯ ಆರು ಅಕ್ಕಿ ಮೂಟೆಗಳ ಭಾರ ಆ ಮುಚ್ಚಳವನ್ನು ಒಳಗಿನಿಂದ ಮೇಲಕ್ಕೆ ತಳ್ಳುತ್ತಿದೆ ಎಂದಾಯಿತು. ಕುಕ್ಕರ್ ಸಿಡಿದಾಗ ಮುಚ್ಚಳ ತಾರಸಿಗೆ ಬಡಿಯುವುದು ಇದೇ ಕಾರಣಕ್ಕೆ.

ನಮ್ಮ ಮೈಮೇಲೂ ವಾತಾವರಣ ಅಷ್ಟೇ ಭಾರ ಹೇರಿದೆ, ಸಮುದ್ರಮಟ್ಟದಲ್ಲಿ ಚದರ ಸೆಂ.ಮೀ.ಗೆ 1.03 ಕೆ.ಜಿ. ಅದು ತಿಳಿಯುವುದಿಲ್ಲ, ಏಕೆಂದರೆ ಒಳಗೂ ಹೊರಗೂ ಸಮ. ಕೆಲಸ ಮಾಡುವುದು, ಕೈ ಸುಡುವುದು, ಟ್ಯಾಂಕು ಒಡೆಯುವುದು ಎಲ್ಲವೂ ಒಳಗಿನ ಮತ್ತು ಹೊರಗಿನ ಒತ್ತಡದ ನಡುವಿನ ವ್ಯತ್ಯಾಸ. ಆದ್ದರಿಂದ ಮುಚ್ಚಿದ ಯಾವುದೇ ವಸ್ತುವನ್ನು ನೋಡಿದಾಗ ಮೊದಲು ಹುಡುಕಬೇಕಾದದ್ದು ಗಾಳಿ ಅಥವಾ ಹಬೆ ಹೋಗಿಬರುವ ದಾರಿ ಎಲ್ಲಿದೆ, ಅದು ತೆರೆದಿದೆಯೇ ಎಂಬುದನ್ನು. ಕೆಳಗೆ ಹೇಳುವ ಅಪಘಾತಗಳಲ್ಲಿ ಹೆಚ್ಚಿನವು ಆ ದಾರಿ ಕಟ್ಟಿಕೊಂಡಾಗ, ಇಲ್ಲವೇ ಯಾರೋ ತಿಳಿಯದೆ ಮುಚ್ಚಿದಾಗ ಆಗುವಂಥವು.

ಅಳತೆಯ ಬಗ್ಗೆ ಒಂದು ಮಾತು. ಟೈರಿನ ಮೀಟರು, ಕಂಪ್ರೆಸರ್ ಮೀಟರು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಮೀಟರಿನಲ್ಲಿ ಸೊನ್ನೆ ಎಂದರೆ ಒಳಗೆ ಗಾಳಿಯೇ ಇಲ್ಲ ಎಂದಲ್ಲ, ಹೊರಗಿನಷ್ಟೇ ಇದೆ ಎಂದರ್ಥ. 1 ಬಾರ್ ಎಂದರೆ 14.5 ಪಿಎಸ್‌ಐ, 100 ಕಿಲೋಪಾಸ್ಕಲ್, ಹೆಚ್ಚುಕಡಿಮೆ ಚದರ ಸೆಂ.ಮೀ.ಗೆ 1 ಕೆ.ಜಿ. ಇಷ್ಟು ನೆನಪಿದ್ದರೆ ಯಾವ ಮೀಟರನ್ನಾದರೂ ಓದಬಹುದು.

ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಇಳಿಯುತ್ತದೆ. ಮಂಗಳೂರಿನಲ್ಲಿ ಸುಮಾರು 1013 ಹೆಕ್ಟೋಪಾಸ್ಕಲ್ (1 ಬಾರ್ ಎಂದರೆ 1000 ಹೆಕ್ಟೋಪಾಸ್ಕಲ್) ಇದ್ದರೆ, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 908ರ ಆಸುಪಾಸು, 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 800ರ ಹತ್ತಿರ. ಅದಕ್ಕೇ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಮುಟ್ಟುವುದೇ ಇಲ್ಲ. 97ಕ್ಕೇ ಕುದಿದುಬಿಡುತ್ತದೆ. ಲೇಹ್‌ನಲ್ಲಿ 88ಕ್ಕೆ.

ಕುಕ್ಕರ್

ಕುಕ್ಕರಿನ ವೆಯ್ಟ್ ಒಂದು ತಕ್ಕಡಿಯ ಬಟ್ಟು, ಅಷ್ಟೇ. ಮುಚ್ಚಳದ ನಳಿಕೆಯ ತೂತು 3 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ 0.07 ಚದರ ಸೆಂ.ಮೀ. ಅದರ ಮೇಲೆ ಸುಮಾರು 70 ಗ್ರಾಂ ಬಟ್ಟು ಕೂತಿದ್ದರೆ ಚದರ ಸೆಂ.ಮೀ.ಗೆ 1 ಕೆ.ಜಿ. ಒತ್ತಡ ಬಂದಾಗ ಅದು ಮೇಲೇಳುತ್ತದೆ, ಹಬೆ ನುಗ್ಗುತ್ತದೆ, ಕೂಗುತ್ತದೆ. ತೂತು 4 ಮಿ.ಮೀ. ಇದ್ದರೆ ಅದೇ ಒತ್ತಡಕ್ಕೆ 125 ಗ್ರಾಂ ಬೇಕು. ಈಗ ಒಂದು ಕಂಪನಿಯ 125 ಗ್ರಾಂ ವೆಯ್ಟನ್ನು ಇನ್ನೊಂದರ 3 ಮಿ.ಮೀ. ನಳಿಕೆಗೆ ಹಾಕಿದರೆ? 1.75 ಕೆ.ಜಿ. ದಾಟುವವರೆಗೆ ಅದು ಏಳುವುದಿಲ್ಲ. ಮುಚ್ಚಳದ ಮೇಲಿನ ತಳ್ಳು 550 ಕೆ.ಜಿ. ದಾಟುತ್ತದೆ. ಕಳೆದುಹೋದ ವೆಯ್ಟಿಗೆ ಬದಲು 'ಕೂರುತ್ತೆ' ಎಂದು ಸಿಕ್ಕಿದ್ದನ್ನು ತರುವುದು ಬೇಡ ಎನ್ನುವುದು ಇದಕ್ಕೆ. ಒತ್ತಡದ ಪಾತ್ರೆಗೆ ಸೇಫ್ಟಿ ವಾಲ್ವ್ ಇಡುವ ಉಪಾಯ 1679ರಷ್ಟು ಹಳೆಯ ಡೆನಿಸ್ ಪಾಪಿನ್‌ನ ಹಬೆಪಾತ್ರೆಯದು. ಅವನದೂ ಬಟ್ಟಿನ ಲೆಕ್ಕವೇ.

ಸರಿಯಾದ ವೆಯ್ಟ್ ಕೊಡುವ 1 ಕೆ.ಜಿ.ಯ ಹೆಚ್ಚುವರಿ ಒತ್ತಡದಲ್ಲಿ ನೀರು ಮಂಗಳೂರಿನಲ್ಲಿ 120 ಡಿಗ್ರಿಗೆ, ಬೆಂಗಳೂರಿನಲ್ಲಿ 118ಕ್ಕೆ, ಲೇಹ್‌ನಲ್ಲಿ 114ಕ್ಕೆ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಮಂಗಳೂರಿಗೂ ಲೇಹ್‌ಗೂ ಇದ್ದ 12 ಡಿಗ್ರಿ ಅಂತರ ಕುಕ್ಕರಿನಲ್ಲಿ 6ಕ್ಕೆ ಇಳಿಯಿತು. ಘಟ್ಟದ ಮೇಲೆ ಬೇಳೆ ಬೇಯುತ್ತಿಲ್ಲ ಎಂದರೆ ಪರಿಹಾರ ಕುಕ್ಕರೇ, ಉರಿ ಜೋರು ಮಾಡುವುದಲ್ಲ. ತೆರೆದ ಪಾತ್ರೆಯಲ್ಲಿ ಉರಿ ಜೋರು ಮಾಡಿದರೆ ನೀರು ಬೇಗ ಆವಿಯಾಗುತ್ತದೆಯೇ ಹೊರತು ಒಂದು ಡಿಗ್ರಿಯೂ ಏರುವುದಿಲ್ಲ.

ಪ್ರತಿ ಸಲ ಇಡುವಾಗ ಮಾಡಬೇಕಾದದ್ದು ಇಷ್ಟು:

1. ಮುಚ್ಚಳವನ್ನು ಬೆಳಕಿಗೆ ಹಿಡಿದು ನಳಿಕೆಯ ಮೂಲಕ ನೋಡಿ. ಆಚೆಯ ಬೆಳಕು ಕಾಣಬೇಕು. ಕಾಣದಿದ್ದರೆ ಬಾಯಿಂದ ಊದಿ, ಇಲ್ಲವೇ ಸೂಜಿಯಿಂದ ಬಿಡಿಸಿ ತೊಳೆಯಿರಿ. ಕಟ್ಟಿಕೊಳ್ಳುವುದು ಹೆಚ್ಚಾಗಿ ಬೇಳೆಯ ಸಿಪ್ಪೆ, ಟೊಮೇಟೊ ಸಿಪ್ಪೆ, ಪಲಾವ್ ಎಲೆಯ ಚೂರು.

2. ಗ್ಯಾಸ್ಕೆಟ್ ತೆಗೆದು ಬೆರಳಿನಲ್ಲಿ ಮಡಚಿ. ಬಿರುಕು ಕಂಡರೆ, ಗಟ್ಟಿಯಾಗಿದ್ದರೆ ಬದಲಿಸಿ. ಹಳೇ ಗ್ಯಾಸ್ಕೆಟಿಗೆ ಎಣ್ಣೆ ಸವರಿ ಮೆದು ಮಾಡುವುದು ಒಂದು ದಿನದ ಮಾತು. ಫ್ರಿಜ್‌ನಲ್ಲಿಟ್ಟು ಬಿಗಿ ಮಾಡುವುದೂ ಹಾಗೇ.

3. ಅನ್ನ, ಬೇಳೆ, ಕಾಳಿಗೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಉಳಿದ ಅಡುಗೆಗೆ ಮೂರರಲ್ಲಿ ಎರಡು ಪಾಲು. ತೊಗರಿಬೇಳೆಯ ನೊರೆ ನೇರ ನಳಿಕೆಗೆ ಏರುತ್ತದೆ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ, ನಿಲ್ಲುವುದಿಲ್ಲ.

4. ಏನೇ ಇಟ್ಟರೂ ತಳದಲ್ಲಿ ಒಂದು ಲೋಟ, ಅಂದರೆ 200–250 ಮಿ.ಲೀ. ನೀರಾದರೂ ಇರಲಿ.

5. ವೆಯ್ಟನ್ನು ಮೊದಲೇ ಹಾಕಬೇಡಿ. ನಳಿಕೆಯಿಂದ ಹಬೆ ಒಂದೇ ಸಮನೆ ಬರತೊಡಗಿದ ಮೇಲೆ ಹಾಕಿ. ಒಳಗಿನ ಗಾಳಿಯೂ ಹೊರಹೋಗಿರುತ್ತದೆ, ನಳಿಕೆ ತೆರೆದಿದೆ ಎಂಬುದೂ ಖಾತ್ರಿಯಾಗುತ್ತದೆ.

6. ಮೊದಲ ಕೂಗಿನ ನಂತರ ಉರಿ ಸಣ್ಣ ಮಾಡಿ ಗಡಿಯಾರ ನೋಡಿ. 'ಮೂರು ವಿಷಲ್' ಎನ್ನುವುದು ಉರಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಅಳತೆ. ದೊಡ್ಡ ಉರಿಯಲ್ಲಿ ಎರಡು ನಿಮಿಷಕ್ಕೇ ಮೂರು ಕೂಗಬಹುದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹಿಡಿಯಬಹುದು.

ಕೂಗಬೇಕಾದ ಹೊತ್ತು ದಾಟಿದರೂ ಕೂಗಲಿಲ್ಲ, ಅಂಚಿನಿಂದ ಹಬೆಯೂ ಸೋರುತ್ತಿಲ್ಲ ಎಂದರೆ ನಳಿಕೆ ಕಟ್ಟಿದೆ. ಆಗ ವೆಯ್ಟನ್ನು ಅಲುಗಾಡಿಸಲು ಹೋಗಬೇಡಿ, ಮುಖ ಹತ್ತಿರ ಒಯ್ಯಬೇಡಿ. ಸ್ಟೌ ಆರಿಸಿ ಅಡುಗೆಮನೆಯಿಂದ ಹೊರಗೆ ಬಂದು ಅರ್ಧ ಗಂಟೆ ಕಾಯಿರಿ. ಅಂಚಿನಿಂದ ಹಬೆ ಸೋರಿ ಕೂಗದಿದ್ದರೆ ಅದು ಗ್ಯಾಸ್ಕೆಟಿನ ದೋಷ. ಅಪಾಯವಿಲ್ಲ, ಗ್ಯಾಸು ದಂಡ.

ಸೇಫ್ಟಿ ವಾಲ್ವ್ ಒಂದು ಸಲ ಹಾರಿತೆಂದರೆ ಅದು ತನ್ನ ಕೆಲಸ ಮಾಡಿದೆ. ಅದರ ನಡುವಿನ ಮೆತ್ತನೆ ಲೋಹ ನೀರು ಆರಿಯೋ ನಳಿಕೆ ಕಟ್ಟಿಯೋ ಬಿಸಿ ಮಿತಿಮೀರಿದಾಗ ಕರಗುವಂತೆ ಮಾಡಿದ್ದು. ಅದೇ ಕಂಪನಿಯ ಹೊಸ ವಾಲ್ವ್ ಹಾಕಿಸಿ, ಮತ್ತು ಏಕೆ ಹಾರಿತು ಎಂದು ಹುಡುಕಿ. ತೂತಿಗೆ ಎಂ-ಸೀಲ್ ಮೆತ್ತಿ ಒಲೆಗೆ ಏರಿಸಿದ ಕುಕ್ಕರಿಗೆ ಇನ್ನು ದಾರಿಯೇ ಉಳಿದಿಲ್ಲ. ಹೊಸ ಕುಕ್ಕರ್ ಕೊಳ್ಳುವಾಗ ತಳದಲ್ಲಿ ಐಎಸ್‌ಐ ಗುರುತು ಮತ್ತು ಐಎಸ್ 2347 ಎಂಬ ಸಂಖ್ಯೆ ನೋಡಿ. 2021ರಿಂದ ಮನೆಬಳಕೆಯ ಕುಕ್ಕರಿಗೆ ಅದು ಕಡ್ಡಾಯ.

ಇನ್ನು ಮುಚ್ಚಳ ತೆಗೆಯುವ ಮಾತು. ಒಳಗೆ 120 ಡಿಗ್ರಿಯ 2 ಲೀಟರ್ ನೀರಿದೆ. ಒತ್ತಡ ಇದ್ದಾಗಲಷ್ಟೇ ಅದು ನೀರಾಗಿರಬಲ್ಲದು. ಮುಚ್ಚಳ ತಟ್ಟನೆ ಬಿಟ್ಟುಕೊಂಡರೆ ಅದರಲ್ಲಿ ಸುಮಾರು 75 ಗ್ರಾಂ ಆ ಕ್ಷಣವೇ ಹಬೆಯಾಗುತ್ತದೆ. 75 ಗ್ರಾಂ ಹಬೆ ಎಂದರೆ 125 ಲೀಟರ್, ಒಂದು ದೊಡ್ಡ ನೀರಿನ ಡ್ರಮ್ಮಿನಷ್ಟು. ಅದು ಕುದಿಯುವ ಬೇಳೆಯನ್ನೂ ಹೊತ್ತುಕೊಂಡು ಮೇಲೇಳುತ್ತದೆ. ಅವಸರದಲ್ಲಿ ವೆಯ್ಟನ್ನು ಚಮಚದಿಂದ ಎತ್ತಿ ಹಬೆ ಬಿಡುವವರು ಇದ್ದಾರೆ. ತರಕಾರಿಗೆ ನಡೆದೀತು, ಬೇಳೆ ಗಂಜಿಗೆ ಬೇಡವೇ ಬೇಡ. ನೊರೆ ನಳಿಕೆಗೆ ನುಗ್ಗಿ ಕಟ್ಟುತ್ತದೆ, ಹಬೆ ನಿಂತಿತೆಂದು ಮುಚ್ಚಳಕ್ಕೆ ಕೈ ಹಾಕಿದರೆ ಒತ್ತಡ ಒಳಗೇ ಇರುತ್ತದೆ. ಹತ್ತು ಹದಿನೈದು ನಿಮಿಷ ತಾನಾಗಿ ಇಳಿಯಲು ಬಿಡಿ. ವೆಯ್ಟನ್ನು ಸ್ವಲ್ಪ ಎತ್ತಿ ನೋಡಿ, ಸದ್ದಿಲ್ಲದಿದ್ದರೆ ಮಾತ್ರ ತೆರೆಯಿರಿ. ಬಿಗಿ ಅನ್ನಿಸಿದರೆ ಲಟ್ಟಣಿಗೆಯಿಂದ ಬಡಿಯಬೇಡಿ. ಹತ್ತನೇ ಒಂದು ಪಾಲು ಒತ್ತಡ ಉಳಿದಿದ್ದರೂ ಮುಚ್ಚಳದ ಮೇಲೆ 31 ಕೆ.ಜಿ. ತಳ್ಳು ಇರುತ್ತದೆ.

ಇದಕ್ಕೆ ತದ್ವಿರುದ್ಧವೂ ಉಂಟು. ಪೂರ್ತಿ ತಣ್ಣಗಾದ ಕುಕ್ಕರ್ ತೆರೆಯುವುದಿಲ್ಲ, ಬಿಸಿ ಸಾರು ಹಾಕಿ ಮುಚ್ಚಿದ ಸ್ಟೀಲ್ ಡಬ್ಬಿ ಮಧ್ಯಾಹ್ನ ಬಾಯಿ ಬಿಡುವುದಿಲ್ಲ. ಒಳಗಿನ ಹಬೆ ನೀರಾಗಿ ಒತ್ತಡ ಕುಸಿದಿದೆ, ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿದಿದೆ. 10 ಸೆಂ.ಮೀ. ಅಗಲದ ಮುಚ್ಚಳಕ್ಕೆ ಐದನೇ ಒಂದು ಪಾಲು ಒತ್ತಡ ಕಡಿಮೆಯಾದರೂ 16 ಕೆ.ಜಿ. ಹಿಡಿತ. ಕುಕ್ಕರಾದರೆ ವೆಯ್ಟ್ ಎತ್ತಿ, ಉಸ್ಸೆಂದು ಗಾಳಿ ಒಳಗೆ ಹೋಗುತ್ತದೆ, ಮುಚ್ಚಳ ಬರುತ್ತದೆ. ಡಬ್ಬಿಯಾದರೆ ಬಿಸಿನೀರಿನಲ್ಲಿ ಎರಡು ನಿಮಿಷ ಇಡಿ, ಇಲ್ಲವೇ ಚಮಚದ ತುದಿಯಿಂದ ಅಂಚನ್ನು ಒಂದು ಕಡೆ ಮೀಟಿ. ಬಿಸಿ ಪದಾರ್ಥವನ್ನು ಐದು ನಿಮಿಷ ಆರಿಸಿ ಮುಚ್ಚಿದರೆ ಈ ಪಾಡೇ ಇಲ್ಲ.

ಮಿಕ್ಸಿ ಜಾರ್ ಕೂಡ ಇದೇ ಜಾತಿ. ಬೆಂದ ಟೊಮೇಟೊ, ಪಾಲಕ್ ಬಿಸಿಯಲ್ಲೇ ಹಾಕಿ ತಿರುಗಿಸಿದರೆ ಬ್ಲೇಡು ಬಿಸಿ ರಸವನ್ನು ಗಾಳಿಗೆ ಚೆಲ್ಲಾಡುತ್ತದೆ, ಜಾರಿನೊಳಗಿನ ಗಾಳಿ ಒಮ್ಮೆಗೇ ಹಿಗ್ಗಿ ಹಬೆ ತುಂಬುತ್ತದೆ, ಮುಚ್ಚಳ ಕೈಗೇ ಹಾರುತ್ತದೆ. ಆರಿಸಿ, ಮೂರನೇ ಒಂದು ಪಾಲು ಮಾತ್ರ ಹಾಕಿ. ಮುಚ್ಚಳದಲ್ಲಿ ನಡುಬಿರಡೆ ಇದ್ದರೆ ಅದನ್ನು ತೆಗೆದು ಬಟ್ಟೆ ಮುಚ್ಚಿ ಹಿಡಿಯಿರಿ.

ಛಾವಣಿಯ ಮೇಲಿನ ಸೋಲಾರ್ ಮತ್ತು ಬಚ್ಚಲಿನ ಗೀಸರ್

ಸೋಲಾರ್ ವಾಟರ್ ಹೀಟರ್ ಟ್ಯಾಂಕಿನ ನೆತ್ತಿಯಿಂದ ಮೇಲಕ್ಕೆ ಎದ್ದು ಬಾಗಿದ ಒಂದು ಪೈಪು ಇರುತ್ತದೆ, ಏರ್ ವೆಂಟ್. ಮನೆಯಲ್ಲಿ ಅತಿ ಕಡಿಮೆ ಗಮನ ಸಿಗುವ ವಸ್ತು ಇದೇ ಇರಬೇಕು. ಅದರಿಂದ ಆಗಾಗ ನೀರು ತೊಟ್ಟಿಕ್ಕುತ್ತದೆಂದು ಬಿರಡೆ ಹಾಕಿದವರಿದ್ದಾರೆ. ಕಣಜ ಗೂಡು ಕಟ್ಟಿ ಮುಚ್ಚುವುದೂ ಉಂಟು, ಬೋರ್‌ವೆಲ್ ನೀರಿನ ಬಿಳಿ ಗಟ್ಟಿ ಕಟ್ಟುವುದೂ ಉಂಟು.

ಆಗ ಏನಾಗುತ್ತದೆ ನೋಡಿ. ಬೇಸಿಗೆಯಲ್ಲಿ ಓವರ್‌ಹೆಡ್ ಟ್ಯಾಂಕು ಖಾಲಿಯಾಗಿದೆ. ಸೋಲಾರಿಗೆ ತಣ್ಣೀರು ಬರುತ್ತಿಲ್ಲ. ಆರು ಮೀಟರ್ ಕೆಳಗೆ, ನೆಲಮಹಡಿಯಲ್ಲಿ ಯಾರೋ ಬಿಸಿನೀರಿನ ನಲ್ಲಿ ತಿರುಗಿಸುತ್ತಾರೆ. ಪೈಪಿನಲ್ಲಿರುವ ಆರು ಮೀಟರಿನ ನೀರಿನ ಕಂಬ ಕೆಳಗಿಳಿಯುತ್ತ ಸೋಲಾರ್ ಟ್ಯಾಂಕನ್ನು ಒಳಗಿನಿಂದ ಹೀರುತ್ತದೆ. ವೆಂಟ್ ತೆರೆದಿದ್ದರೆ ಹೊರಗಿನ ಗಾಳಿ ನುಗ್ಗಿ ಸಮವಾಗುತ್ತಿತ್ತು. ಮುಚ್ಚಿದ್ದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಸೆಂ.ಮೀ.ಗೆ 0.6 ಕೆ.ಜಿ.ಯಷ್ಟು ಕಡಿಮೆಯಾಗಬಹುದು. ಟ್ಯಾಂಕಿನ ತಟ್ಟೆಯಂಥ ಪಕ್ಕ 45 ಸೆಂ.ಮೀ. ಅಗಲ ಎಂದಿಟ್ಟುಕೊಂಡರೆ ಅದರ ಮೇಲೆ ಹೊರಗಿನಿಂದ 950 ಕೆ.ಜಿ. ಒತ್ತಿದಂತಾಯಿತು. ಒಳಟ್ಯಾಂಕಿನ ತೆಳುವಾದ ಸ್ಟೀಲು ಉಬ್ಬುವುದನ್ನು ಸ್ವಲ್ಪ ತಡೆದೀತು, ಅದುಮಿದರೆ ತಡೆಯದು. ಡಬ್ ಎಂಬ ಒಂದು ಸದ್ದು, ಟ್ಯಾಂಕು ಒಳಕ್ಕೆ ಜಗ್ಗಿಹೋಗುತ್ತದೆ. ಹೊರಹೊದಿಕೆ ನೆಟ್ಟಗಿರುವುದರಿಂದ ಮೊದಲಿಗೆ ಗೊತ್ತೂ ಆಗುವುದಿಲ್ಲ, ಸೋರಲು ಶುರುವಾದಾಗಲೇ ತಿಳಿಯುವುದು.

ಪರೀಕ್ಷಿಸಲು ಬಿಸಿಲೇರುವ ಮುನ್ನ ಬೆಳಗ್ಗೆ ಮೇಲೆ ಹೋಗಿ. ವೆಂಟ್ ಪೈಪಿನ ತುದಿ ಓವರ್‌ಹೆಡ್ ಟ್ಯಾಂಕಿನ ನೆತ್ತಿಗಿಂತ ಎತ್ತರದಲ್ಲಿದೆಯೇ ನೋಡಿ. ಇಲ್ಲದಿದ್ದರೆ ನೀರು ಸುರಿಯುವುದು ಸಹಜ, ಬೇಕಾದದ್ದು ಇನ್ನಷ್ಟು ಪೈಪು, ಬಿರಡೆಯಲ್ಲ. ಆಮೇಲೆ ತುದಿಯ ಬಾಗನ್ನು ಬಿಚ್ಚಿ ಪ್ಲಾಸ್ಟಿಕ್ ಹೊದಿಕೆಯ ವೈರನ್ನು ಒಳಗೆ ಇಳಿಸಿ. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಯಾವ ಮಟ್ಟದಲ್ಲಿದೆಯೋ ವೆಂಟಿನಲ್ಲೂ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ವೈರು ಒದ್ದೆಯಾಗಬೇಕು. ನಡುವೆಯೇ ತಡೆದರೆ ಕಟ್ಟಿದೆ. ಸ್ವಚ್ಛ ಮಾಡಿ, ತುದಿಯನ್ನು ಕೆಳಮುಖವಾಗಿ ಬಾಗಿಸಿ ಸ್ಟೀಲ್ ಜಾಲರಿ ಕಟ್ಟಿ. ವರ್ಷಕ್ಕೆರಡು ಸಲ ನೋಡಿದರೆ ಸಾಕು. ಆದರೆ ನೀರಿಲ್ಲದ ದಿನ ಬಿಸಿನೀರಿನ ನಲ್ಲಿ ಮುಟ್ಟಬೇಡಿ ಎಂದು ಮನೆಯವರಿಗೆಲ್ಲ ಹೇಳಿಟ್ಟಿರಿ.

ಗೀಸರಿನ ಕಥೆ ಬೇರೆ, ಅದು ಉಬ್ಬುವ ಕಡೆಯದು. 25 ಲೀಟರ್ ನೀರು 25 ಡಿಗ್ರಿಯಿಂದ 65ಕ್ಕೆ ಕಾದರೆ ಸುಮಾರು 400 ಮಿ.ಲೀ. ಹಿಗ್ಗುತ್ತದೆ. ನೀರನ್ನು ಅದುಮಲಾಗುವುದಿಲ್ಲ. ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಇರುವ ಗೀಸರಿನಲ್ಲಿ ಆ ಹೆಚ್ಚುವರಿ ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕಿ ಹೊರಬರಲೇಬೇಕು. ಕಾಯುವಾಗ ಮಾತ್ರ ತೊಟ್ಟಿಕ್ಕಿ ನಿಂತರೆ ಅದು ಆರೋಗ್ಯದ ಲಕ್ಷಣ. ಇಡೀ ದಿನ ಹರಿಯುತ್ತಿದ್ದರೆ ವಾಲ್ವ್ ಕೆಟ್ಟಿದೆ, ಇಲ್ಲವೇ ನೀರಿನ ಒತ್ತಡವೇ ಹೆಚ್ಚಿದೆ. ಯಾವ ಸ್ಥಿತಿಯಲ್ಲೂ ಅದರ ಬಾಯಿಗೆ ಎಂಡ್‌ಕ್ಯಾಪ್ ಹಾಕಿಸಬಾರದು. ಹತ್ತು ಮಹಡಿಯ ಅಪಾರ್ಟ್‌ಮೆಂಟಿನ ಕೆಳಮನೆಗೆ ಟ್ಯಾಂಕಿನಿಂದಲೇ 3 ಬಾರ್ ಬರುತ್ತದೆ (10 ಮೀಟರಿಗೆ 1 ಬಾರ್), ಅದರ ಮೇಲೆ ಪ್ರೆಶರ್ ಪಂಪು ಬೇರೆ. ಅಂಥ ಕಡೆ 8 ಬಾರ್ ತಾಳುವ ಗೀಸರ್ ಎಂದು ಪಟ್ಟಿಯಲ್ಲಿ ಬರೆದಿರುವುದನ್ನೇ ಕೊಳ್ಳಿ.

ಟೈರಿನ ಗಾಳಿ

ಬೇಸಿಗೆಯಲ್ಲಿ ಟೈರ್ ಬರ್ಸ್ಟ್ ಆಗುತ್ತದೆ, ಹಾಗಾಗಿ ಎರಡು ಮೂರು ಪಾಯಿಂಟ್ ಕಡಿಮೆ ಹೊಡೆಸಿ ಎಂಬ ಸಲಹೆ ಪಂಕ್ಚರ್ ಅಂಗಡಿಯಿಂದ ಹಿಡಿದು ಆಫೀಸಿನ ಚಹಾದವರೆಗೆ ಎಲ್ಲೆಡೆ ಸಿಗುತ್ತದೆ. ಅದು ತಪ್ಪು, ಅಪಾಯಕಾರಿ ತಪ್ಪು.

ಲೆಕ್ಕ ಹೀಗಿದೆ. ಬೆಳಗಿನ ತಂಪಿನಲ್ಲಿ 33 ಪಿಎಸ್‌ಐ ಇದ್ದ ಟೈರು 10 ಡಿಗ್ರಿ ಬಿಸಿಯಾದರೆ ಸುಮಾರು 1.6 ಪಿಎಸ್‌ಐ ಏರುತ್ತದೆ. ಹೆದ್ದಾರಿಯಲ್ಲಿ ಓಡಿ 30 ಡಿಗ್ರಿ ಏರಿದರೆ 38ರ ಹತ್ತಿರ. ಈ ಏರಿಕೆಯನ್ನು ಲೆಕ್ಕ ಹಿಡಿದೇ ತಯಾರಕರು ತಂಪಿನ ಅಂಕಿ ಕೊಟ್ಟಿರುತ್ತಾರೆ. ಟೈರನ್ನು ಕೊಲ್ಲುವುದು ಈ ಐದು ಪಿಎಸ್‌ಐ ಅಲ್ಲ, ಗಾಳಿಯ ಕೊರತೆ. ಗಾಳಿ ಕಡಿಮೆಯಿದ್ದರೆ ಪ್ರತಿ ಸುತ್ತಿಗೂ ಟೈರಿನ ಪಕ್ಕದ ಗೋಡೆ ಹೆಚ್ಚು ಮಡಚಿ ಬಿಚ್ಚುತ್ತದೆ. ನೂರರ ವೇಗದಲ್ಲಿ ಅದು ಸೆಕೆಂಡಿಗೆ ಹದಿನಾಲ್ಕು ಹದಿನೈದು ಸಲ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವುದಿಲ್ಲವೇ, ಹಾಗೆಯೇ ರಬ್ಬರು ಕಾದು ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ಕಾರಿನ ತುಂಬ ಜನ, ಮೇಲೆ ಲಗೇಜು, ಕಾದ ಕಾಂಕ್ರೀಟ್ ರಸ್ತೆ ಸೇರಿದರೆ ಸಿಡಿಯುವುದು ಅದೇ ಟೈರು.

ಮಾಡಬೇಕಾದ ಕ್ರಮ:

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕರ್ ಇರುತ್ತದೆ. ಅದರಲ್ಲಿ ಮುಂದೆ, ಹಿಂದೆ, ಇಬ್ಬರಿದ್ದಾಗ, ತುಂಬಿದ್ದಾಗ ಎಂದು ಬೇರೆ ಬೇರೆ ಅಂಕಿಗಳಿರುತ್ತವೆ. ಅದನ್ನೇ ಹಿಡಿಯಿರಿ. ಟೈರಿನ ಪಕ್ಕದಲ್ಲಿ ಅಚ್ಚಾದ ಪಿಎಸ್‌ಐ ಅಂಕಿ ಆ ಟೈರು ತಾಳುವ ಗರಿಷ್ಠ ಒತ್ತಡ, ನೀವು ಹೊಡೆಸಬೇಕಾದದ್ದಲ್ಲ.

ಅಳೆಯುವುದು ಗಾಡಿ ಕನಿಷ್ಠ ಮೂರು ಗಂಟೆ ನಿಂತ ಮೇಲೆ. ಮನೆಯಿಂದ ಬಂಕು ದೂರವಿದ್ದರೆ ಒಂದು ಉಪಾಯ: ಸ್ವಂತ ಮೀಟರಿನಿಂದ ಮನೆಯಲ್ಲೇ ಅಳೆಯಿರಿ. 33 ಇರಬೇಕಾದದ್ದು 29 ಇದೆ, ಅಂದರೆ 4 ಕಡಿಮೆ. ಬಂಕಿಗೆ ಹೋದಾಗ ಬಿಸಿಯಾಗಿ 31 ತೋರಿಸಿದರೆ 35ಕ್ಕೆ ಹೊಡೆಸಿ, 33ಕ್ಕಲ್ಲ. ಬಿಸಿ ಟೈರಿನಿಂದ ಗಾಳಿ ಬಿಡಿಸುವುದು ಎಂದಿಗೂ ಬೇಡ, ರಾತ್ರಿ ತಣ್ಣಗಾದಾಗ ಕೊರತೆ ಬೀಳುತ್ತದೆ.

ಗಾಳಿ ತುಂಬಿದ ಮೇಲೆ ವಾಲ್ವಿನ ಬಾಯಿಗೆ ಸ್ವಲ್ಪ ಎಂಜಲು ಹಚ್ಚಿ ನೋಡುವ ಹಳೇ ಪದ್ಧತಿ ಈಗಲೂ ಒಳ್ಳೆಯದೇ. ಗುಳ್ಳೆ ಎದ್ದರೆ ಪಿನ್ ಸೋರುತ್ತಿದೆ. ಕ್ಯಾಪ್ ಮರೆಯಬೇಡಿ, ಧೂಳು ಒಳಗೆ ಸೇರಿ ಪಿನ್ ಕೂರದಂತೆ ಮಾಡುತ್ತದೆ. ಎರಡು ವಾರಕ್ಕೊಮ್ಮೆ ನೋಡಿ, ಸ್ಟೆಪ್ನಿಯನ್ನೂ ಸೇರಿಸಿ. ನೈಟ್ರೋಜನ್ ಹೊಡೆಸಬೇಕೇ ಎಂದರೆ, ಸಾಮಾನ್ಯ ಗಾಳಿಯಲ್ಲೇ ಅದು ನೂರಕ್ಕೆ 78ರಷ್ಟಿದೆ. ದುಡ್ಡು ಉಳಿಸಿ ಒಂದು ಮೀಟರ್ ಕೊಳ್ಳುವುದು ಮೇಲು.

ಘಾಟಿ ಹತ್ತುವವರು ಕೇಳುವ ಪ್ರಶ್ನೆಯೂ ಒಂದಿದೆ. ಮಂಗಳೂರಿನಲ್ಲಿ ಹೊಡೆಸಿದ ಗಾಳಿ 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಹೆಚ್ಚಾಗುವುದೇ? ಹೊರಗಿನ ಒತ್ತಡ 14.7ರಿಂದ 12.8 ಪಿಎಸ್‌ಐಗೆ ಇಳಿಯುವುದರಿಂದ ಮೀಟರು 1.9 ಹೆಚ್ಚು ತೋರಿಸಬೇಕು. ಆದರೆ ಅಲ್ಲಿ 10 ಡಿಗ್ರಿ ತಂಪಿದ್ದರೆ 1.6 ಇಳಿಯುತ್ತದೆ. ಒಂದಕ್ಕೊಂದು ವಜಾ. ಗಾಳಿ ಮುಟ್ಟಬೇಕಿಲ್ಲ.

ಲಾರಿ ಚಕ್ರದ್ದು ನೂರು ಪಿಎಸ್‌ಐ ದಾಟಿದ ವ್ಯವಹಾರ. ರಿಂಗ್ ಇರುವ ಡಿಸ್ಕಿಗೆ ಗಾಳಿ ತುಂಬುವಾಗ ರಿಂಗ್ ಸರಿಯಾಗಿ ಕೂರದಿದ್ದರೆ ಅದು ಚಕ್ರದಂತೆ ಹಾರಿ ಎದುರಿದ್ದವರನ್ನು ಸೀಳುತ್ತದೆ. ಕಬ್ಬಿಣದ ಪಂಜರದೊಳಗಿಟ್ಟು, ಉದ್ದ ಹೋಸಿನಿಂದ, ಪಕ್ಕದಲ್ಲಿ ನಿಂತು ತುಂಬಬೇಕು. ಎದುರಿಗೆ ಕೂತು ಬೇಡ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ದಿನವೂ ನೀರು ಸೇರುತ್ತದೆ, ಸಂಜೆ ಡ್ರೈನ್ ತಿರುಗಿಸಿ ಬಿಡದಿದ್ದರೆ ಒಳಗಿಂದ ತುಕ್ಕು ಹಿಡಿದು ತಗಡು ತೆಳುವಾಗುತ್ತದೆ. ಮತ್ತೊಂದು ಮಾತು, ಕಟುವಾಗಿಯೇ: ಕಂಪ್ರೆಸರ್ ಗಾಳಿಯನ್ನು ಮನುಷ್ಯರ ಮೈಗೆ, ಅದರಲ್ಲೂ ಹಿಂಭಾಗಕ್ಕೆ ತಮಾಷೆಗೂ ಹಿಡಿಯಬಾರದು. ಕರುಳು ಕ್ಷಣದಲ್ಲಿ ಹರಿಯುತ್ತದೆ, ಜೀವಗಳು ಹೋಗಿವೆ.

ಪಂಪು ನೀರು ಎತ್ತುತ್ತಿಲ್ಲ

ಬಾವಿಯ ದಡದ ಮೇಲಿಟ್ಟ ಮೋನೋಬ್ಲಾಕ್ (ಮೋಟರೂ ಪಂಪೂ ಒಂದೇ ಆಗಿರುವ) ಪಂಪು ನೀರನ್ನು ಎಳೆಯುವುದಿಲ್ಲ. ಪೈಪಿನೊಳಗಿನ ಒತ್ತಡವನ್ನು ಇಳಿಸುತ್ತದೆ, ಬಾವಿಯ ನೀರಿನ ಮೇಲೆ ಕೂತ ವಾತಾವರಣ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ತಳ್ಳಿಗೆ ಮಿತಿ ಇದೆ: ಕರಾವಳಿಯಲ್ಲಿ 10.3 ಮೀಟರ್, ಬೆಂಗಳೂರಿನ ಎತ್ತರದಲ್ಲಿ 9.3. ಹತ್ತು ಎಚ್‌ಪಿ ಮೋಟರ್ ಹಾಕಿದರೂ ಅದಕ್ಕಿಂತ ಕೆಳಗಿನ ನೀರು ಬರದು. ಪೈಪಿನ ತಿಕ್ಕಾಟ, ಪಂಪಿನೊಳಗಿನ ಸುಳಿಗಳ ನಷ್ಟ ಕಳೆದರೆ ನಿಜವಾಗಿ ಸಿಗುವುದು 6ರಿಂದ 7 ಮೀಟರ್, ಇಪ್ಪತ್ತು ಇಪ್ಪತ್ತೆರಡು ಅಡಿ.

ಆದ್ದರಿಂದ ಪಂಪು ಕೂರಿಸುವ ಮುನ್ನ ಏಪ್ರಿಲ್–ಮೇನಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಪಂಪು ಇಡುವ ಜಾಗದಿಂದ ನೀರಿನವರೆಗೆ ಅಳೆಯಿರಿ. ಮಳೆಗಾಲದ ಅಳತೆ ಮೋಸ ಮಾಡುತ್ತದೆ. 20 ಅಡಿ ದಾಟಿದರೆ ಪಂಪನ್ನು ಬಾವಿಯೊಳಗೆ ಮೆಟ್ಟಿಲು ಕಟ್ಟಿ ಕೆಳಗಿಳಿಸಿ, ಇಲ್ಲವೇ ಸಬ್‌ಮರ್ಸಿಬಲ್ ಹಾಕಿ. ಅದು ನೀರಿನೊಳಗಿಂದ ಮೇಲಕ್ಕೆ ದೂಡುವುದರಿಂದ ಈ ಮಿತಿ ಅದಕ್ಕಿಲ್ಲ.

ಆಳ ಸರಿಯಿದ್ದೂ ನೀರು ಬರದಿದ್ದರೆ ಮೊದಲು ಪಂಪಿನ ಬಾಯಿ ಬಿಚ್ಚಿ ನೀರು ತುಂಬಿಸಿ. ತುಂಬಿದ್ದು ಇಳಿದುಹೋಗುತ್ತಿದ್ದರೆ ಪೈಪಿನ ತಳದ ಫುಟ್‌ವಾಲ್ವಿನಲ್ಲಿ ಕಡ್ಡಿ ಕಸ ಸಿಕ್ಕಿದೆ. ಇಳಿಯದೆಯೂ ಹಿಡಿಯದಿದ್ದರೆ ಏರ್ ಎಳೆಯುತ್ತಿದೆ. ಬಾವಿಯಿಂದ ಪಂಪಿಗೆ ಬರುವ ಸಕ್ಷನ್ ಪೈಪಿನ ಸೋರಿಕೆಯಲ್ಲಿ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಹಾಗಾಗಿ ಕಣ್ಣಿಗೆ ಕಾಣದು. ಪಂಪು ಓಡುವಾಗ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ, ನೊರೆ ಒಳಕ್ಕೆ ಹೀರಿಕೊಂಡ ಜಾಗವೇ ತೂತು.

ಬಾವಿಗೆ ಇಳಿಯುವವರಿಗೆ ಒಂದು ಎಚ್ಚರಿಕೆ. ವಾಯುಭಾರ ಕುಸಿದಾಗ, ಮಳೆ ಮೋಡ ಕವಿದ ದಿನಗಳಲ್ಲಿ, ಮಣ್ಣಿನ ಸಂದುಗಳಲ್ಲಿರುವ ಆಮ್ಲಜನಕವಿಲ್ಲದ ಗಾಳಿ ಬಾವಿಯೊಳಗೆ ಹೊರಬರುತ್ತದೆ. ನಿನ್ನೆ ಇಳಿದವರಿಗೆ ಏನೂ ಆಗಲಿಲ್ಲ ಎಂಬುದು ಇಂದಿಗೆ ಸಾಕ್ಷಿಯಲ್ಲ. ದೀಪ ಇಳಿಸಿ ನೋಡುವುದು ಆಮ್ಲಜನಕದ ಕೊರತೆಯನ್ನು ತೋರಿಸಬಹುದು, ವಿಷಾನಿಲವನ್ನು ತೋರಿಸುವುದಿಲ್ಲ. ಒಬ್ಬ ಬಿದ್ದರೆ ಎತ್ತಲು ಇನ್ನೊಬ್ಬ ಹಾಗೆಯೇ ಇಳಿಯಬಾರದು. ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಘಾಟಿ, ವಿಮಾನ, ಸಮುದ್ರ

ವಿಮಾನದ ಒಳಗಿನ ಒತ್ತಡ ಹಾರುವಾಗ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಂತೆ. ಏರುವಾಗ ಕಿವಿಯೊಳಗಿನ ಗಾಳಿ ಸುಲಭವಾಗಿ ಹೊರಬೀಳುತ್ತದೆ. ನೋವು ಇಳಿಯುವಾಗಿನದು, ಹೊರಗಿನ ಒತ್ತಡ ಪರದೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ. ನೋವು ಶುರುವಾಗುವ ಮುನ್ನವೇ ನುಂಗುತ್ತ, ಆಕಳಿಸುತ್ತ ಇರಿ. ಆಗದಿದ್ದರೆ ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಿ, ಜೋರಾಗಿ ಅಲ್ಲ. ಕೂಸಿಗೆ ಇಳಿಯುವ ಹೊತ್ತಿಗೆ ಹಾಲು ಕೊಡಿ. ಇಳಿಯುವಾಗ ನಿದ್ದೆ ಬೇಡ. ಜೋರು ನೆಗಡಿ ಇದ್ದರೆ ಪ್ರಯಾಣ ಮುಂದೂಡುವುದು ಒಳಿತು, ಆಗದಿದ್ದರೆ ವೈದ್ಯರನ್ನು ಕೇಳಿ. ಚಾರ್ಮಾಡಿ, ಶಿರಾಡಿ ಇಳಿಯುವಾಗ ಕಿವಿ ಕಟ್ಟುವುದೂ ಇದೇ.

ವಿದೇಶಕ್ಕೆ ಉಪ್ಪಿನಕಾಯಿ ಒಯ್ಯುವವರಿಗೆ: ಸೂಟ್‌ಕೇಸ್ ಇಡುವ ಜಾಗದ ಒತ್ತಡವೂ ಮೇಲಿನ ಕ್ಯಾಬಿನ್‌ನಂತೆಯೇ ಇಳಿಯುತ್ತದೆ. ಬೆಂಗಳೂರಿನಲ್ಲಿ ಮುಚ್ಚಿದ ಬಾಟಲಿಯ ಗಾಳಿ ಆಗ ಐದನೇ ಒಂದು ಪಾಲು ಹಿಗ್ಗಲು ನೋಡುತ್ತದೆ, ಮುಂಬಯಿ ಮಂಗಳೂರಿನದಾದರೆ ಮೂರನೇ ಒಂದು ಪಾಲು. ಆ ಹಿಗ್ಗೇ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ಹೊರದೂಡುವುದು. ಗಾಜಿಗಿಂತ ಮೆದು ಪ್ಲಾಸ್ಟಿಕ್ ಬಾಟಲಿ ಆರಿಸಿ. ತುಂಬಿದ ಮೇಲೆ ಪಕ್ಕ ಒತ್ತಿ ಗಾಳಿ ಹೊರಹಾಕಿ, ಚಪ್ಪಟೆಯಾಗಿರುವಾಗಲೇ ಮುಚ್ಚಳ ತಿರುಗಿಸಿ. ಹಿಗ್ಗಲು ಅದಕ್ಕೆ ಜಾಗ ಸಿಕ್ಕಿತು. ಮೇಲೆ ಟೇಪು, ಎರಡು ಜಿಪ್ ಕವರು. ಇಂಕ್ ಪೆನ್ನನ್ನು ಪೂರ್ತಿ ತುಂಬಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲಾಗಿ ಇಡಿ. ಅರ್ಧ ತುಂಬಿದ್ದೇ ಜೇಬಿಗೆ ಬಣ್ಣ ಬಳಿಯುವುದು.

ಕಾರಿನೊಳಗೆ ಮರೆತ ಸ್ಪ್ರೇ ಡಬ್ಬಿ, ಗ್ಯಾಸ್ ಲೈಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಬ್ಬಿಯ ಮೇಲೆಯೇ 50 ಡಿಗ್ರಿ ಮೀರಬಾರದು ಎಂದಿರುತ್ತದೆ. ಕಲಬುರಗಿ, ರಾಯಚೂರಿನ ಮೇ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ಆರಾಮವಾಗಿ ಮೀರುತ್ತದೆ.

ಕೊನೆಯದಾಗಿ, ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡುವವರು ಸಾಮಾನ್ಯವಾಗಿ ಮರೆಯುವ ಒಂದು ವಿಷಯ. ನೀರಿನಲ್ಲಿ ಪ್ರತಿ 10 ಮೀಟರಿಗೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗಿ ಕೂತಿರುತ್ತದೆ. ಮೇಲೆ ಬಂದ ಮೇಲೂ ನಿಧಾನವಾಗಿ ಹೊರಹೋಗಬೇಕು. ಅವಸರದಲ್ಲಿ ಕಡಿಮೆ ಒತ್ತಡದ ಜಾಗಕ್ಕೆ ಏರಿದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯಾಗಿ ಕೀಲು, ನರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ 18 ಗಂಟೆ ವಿಮಾನ ಹತ್ತಬಾರದು ಎಂಬುದು ಡೈವಿಂಗ್‌ನಲ್ಲಿ ಪಾಲಿಸುವ ಕನಿಷ್ಠ ನಿಯಮ. ಅದು 600 ಮೀಟರ್ ಮೀರಿದ ಎತ್ತರಕ್ಕೆಲ್ಲ ಅನ್ವಯ. ಬೆಂಗಳೂರು 920 ಮೀಟರಿನಲ್ಲಿದೆ. ಮಧ್ಯಾಹ್ನ ನೀರಿನಿಂದ ಎದ್ದು ಸಂಜೆಯೇ ಬಸ್ಸು ಹತ್ತಿ ಘಟ್ಟ ಏರಿದರೂ ಲೆಕ್ಕಕ್ಕೆ ಬಂತು. ಭಾನುವಾರ ಡೈವ್ ಮಾಡಿ ಸೋಮವಾರ ಬೆಳಗ್ಗೆ ಆಫೀಸು ಎನ್ನುವ ಬದಲು ಶನಿವಾರ ಬೆಳಗ್ಗೆ ಡೈವ್ ಮಾಡಿ, ಮುರುಡೇಶ್ವರದಲ್ಲೇ ರಾತ್ರಿ ಉಳಿದು, ಭಾನುವಾರ ಮಧ್ಯಾಹ್ನ ಹೊರಡಿ.